ಟಿಕೆಟ್ ಕೊಳ್ಳುತ್ತಿದ್ದ ಟೀಚರು

ನೀಲಾವತಿ ಕಂಡಕ್ಟರ್ ಆದ ಮೇಲೆ ಅನುಮಾನ ಕಲಿತಳೋ, ಅನುಮಾನದವಳಾದ್ದರಿಂದಲೇ ಕಂಡಕ್ಟರ್ ಆದಳೋ ಎಂಬುದು ಅವಳ ಊರಾದ ಉಡಿಗಾಲದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಅವಳ ಗಂಡ ಶಿವರಾಮು ಚಾಮರಾಜನಗರದ ಅರಿಸಿನದ ಮಂಡಿಯಲ್ಲಿ ಕೆಲಸಕ್ಕಿದ್ದಾನೆ. ಅವನನ್ನು ಕೇಳಿದರೆ, ಧಾರೆ ಮಂಟಪದಲ್ಲೇ ತಾಳಿ ತಿರುಗಿಸಿ ನೋಡಿ ‘ಇದು ಚಿನ್ನವೇನಾ’ ಎಂದು ಕೇಳಿದವಳು ಇವಳು ಎನ್ನುತ್ತಾನೆ. ಅದು ಶುದ್ಧ ಸುಳ್ಳು. ಅವಳು ಕೇಳಿದ್ದು ಮಾರನೆಯ ದಿನ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ, ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ, ಇದು ಅವಳ ರೂಟು. ಆ ದಾರಿಯ ಜನ ಅವಳಿಗೆ ಕಲಿಸಿದ ಪಾಠ ಒಂದೆರಡಲ್ಲ. ಹರಿದ ನೋಟನ್ನು ಒಳಮಡಿಕೆ ಮಾಡಿ ಕೊಡುವವರು, ಮೀಸೆ ಚಿಗುರಿದ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ‘ಇನ್ನೂ ಅಂಗನವಾಡಿ’ ಎನ್ನುವವರು, ಬುಟ್ಟಿಯೊಳಗೆ ಕೋಳಿ ಅದುಮಿಟ್ಟು ಮೇಲೆ ಸೊಪ್ಪು ಹರಡುವವರು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಕೇಳುವುದೇ ಬೇಡ. ಕರ್ನಾಟಕದ ವಿಳಾಸವಿರುವ ಆಧಾರ್ ಕಾರ್ಡ್ ತೋರಿಸಿದರೆ ಸೊನ್ನೆ ಟಿಕೆಟ್ಟು ಹರಿದು ಕೊಡಬೇಕು. ನಾದಿನಿಯ ಕಾರ್ಡ್ ಹಿಡಿದು ಬಂದವಳು, ತೀರಿಹೋದ ಅತ್ತೆಯ ಕಾರ್ಡ್ ಹಿಡಿದು ಬಂದವಳು, ಎಲ್ಲರನ್ನೂ ಅವಳು ನೋಡಿದ್ದಾಳೆ. ಕಾರ್ಡಿನ ಫೋಟೊ ಒಮ್ಮೆ, ಎದುರಿನ ಮುಖ ಒಮ್ಮೆ, ಮತ್ತೆ ಫೋಟೊ. ಹುಬ್ಬು ಗಂಟಿಕ್ಕಿ, ತುಟಿಯನ್ನು ಒಂದು ಪಕ್ಕಕ್ಕೆಳೆದು ಅವಳು ನೋಡುವ ಆ ನೋಟಕ್ಕೆ, ಸರಿಯಾದ ಕಾರ್ಡ್ ಇದ್ದವರೂ ಒಂದು ಗಳಿಗೆ ಬೆವರುತ್ತಾರೆ.

ಮನೆಯಲ್ಲೂ ಅಷ್ಟೇ. ಯಾರಾದರೂ ಒಂದು ಒಳ್ಳೆಯ ಕೆಲಸಕ್ಕೆ ಕೈಹಾಕಿದರೆಂದು ಕಿವಿಗೆ ಬಿದ್ದರೆ ಸಾಕು, ಅವಳ ಬಾಯಿಂದ ಬರುವುದು ಒಂದೇ ಮಾತು: “ಇದ್ರಲ್ಲಿ ಅವ್ರಿಗೇನ್ ಗಿಟ್ಟದು?” ಪಕ್ಕದ ಮನೆಯ ಮಂಗಮ್ಮ ಹಬ್ಬದ ಹೋಳಿಗೆ ತಂದುಕೊಟ್ಟರೂ ಅದೇ ಮಾತು. ಆದರೆ ಹೋಳಿಗೆಯನ್ನು ಬಿಡುತ್ತಿರಲಿಲ್ಲ.

ಇಂಥವಳ ಊರಿನ ಶಾಲೆಗೆ ಜೂನ್ ತಿಂಗಳಲ್ಲಿ ಶಿವರಂಜಿನಿ ಎಂಬ ಅತಿಥಿ ಶಿಕ್ಷಕಿ ಬಂದಳು. ಚಿಕ್ಕ ವಯಸ್ಸು, ತೆಳ್ಳನೆಯ ಮೈ, ಚಾಮರಾಜನಗರದಲ್ಲಿ ಬಾಡಿಗೆ ಕೋಣೆ. ಮಾತು ಕೇಳಿದರೆ ಪಕ್ಕದ ಊರಿನವಳೇ ಅನ್ನಬೇಕು. ಬಂದ ಹೊಸದರಲ್ಲೇ ಏಳನೇ ತರಗತಿಯ ಮಕ್ಕಳಿಗೆ, ಸಮುದ್ರ ನೋಡಿದವರು ಯಾರಿದ್ದೀರಿ, ಕೈಯೆತ್ತಿ ಎಂದಳಂತೆ. ಒಂದು ಕೈಯೂ ಮೇಲೇಳಲಿಲ್ಲ. ಗುಂಡ್ಲುಪೇಟೆಯ ಈರುಳ್ಳಿ, ಟೊಮೆಟೊ ದಿನಾ ಬೆಳಗಾದರೆ ಲಾರಿ ಹತ್ತಿ ಕೇರಳದ ಕಡಲ ತೀರಕ್ಕೆ ಹೋಗುತ್ತವೆ, ಮಕ್ಕಳು ಹೋಗಿಲ್ಲ. ದಸರಾ ಕಳೆದ ಮೇಲೆ ಎಲ್ಲರೂ ಕೋಯಿಕ್ಕೋಡಿಗೆ ಹೋಗಿ ಬರೋಣ, ಮನೆಯವರ ಹತ್ತಿರ ಕಾಸು ಕೇಳುವುದು ಬೇಡ, ನಾವೇ ಕಾರ್ಯಕ್ರಮ ಮಾಡಿ ಸಂಪಾದಿಸೋಣ ಎಂದು ಅವಳು ಹೇಳಿದ್ದು ಸಂಜೆಯೊಳಗೆ ಊರೆಲ್ಲ ಹರಡಿತು.

ನೀಲಾವತಿಯ ಮಗಳು ಚಾಮುಂಡಿ ಅದೇ ತರಗತಿ. ತಾಯಿಯ ಮಗಳೇ ಸರಿ. ಸಮುದ್ರದ ನೀರು ಉಪ್ಪು ಎಂದು ಪುಸ್ತಕದಲ್ಲಿದ್ದರೂ ಅವಳು ಒಪ್ಪಿರಲಿಲ್ಲ.

“ಅಷ್ಟೊಂದ್ ನೀರ್ಗೆ ಯಾರವ್ವ ಉಪ್ಪಾಕ್ದೋರು? ನಾನ್ ನೆಕ್ಕಿ ನೋಡ್ದೆ ನಂಬಾಕಿಲ್ಲ” ಎಂದು ಹಟ ಹಿಡಿದಿದ್ದಳು. ಅಂದಿನಿಂದ ಅವಳಿಗೆ ಊಟದಲ್ಲೂ ನಿದ್ದೆಯಲ್ಲೂ ಸಮುದ್ರದ್ದೇ ಧ್ಯಾನ.

“ನೆಕ್ಕೀಯಂತೆ ಬುಡು. ಮೊದ್ಲು ಆ ಟೀಚರ್‌ಗೆ ಇದ್ರಲ್ಲಿ ಏನ್ ಗಿಟ್ಟದು ಅದ್ ಯೋಳು” ಎಂದಳು ನೀಲಾವತಿ.

ಮೊದಲ ಕಾರ್ಯಕ್ರಮ ಮಕ್ಕಳ ಸಂತೆ. ಶಾಲೆಯ ಅಂಗಳದಲ್ಲಿ ಗೋಣಿತಾಟು ಹಾಸಿ ಮಕ್ಕಳು ಅವರವರ ಹಿತ್ತಲಿನ ಸೊಪ್ಪು, ನುಗ್ಗೆ, ನಿಂಬೆಹಣ್ಣು ಮಾರಿದರು. ಊರಿನವರು ತಮ್ಮ ಮನೆಯ ಸೊಪ್ಪನ್ನು ತಾವೇ ಕೊಂಡು ನಗುತ್ತಾ ಮನೆಗೆ ಹೋದರು. ನೀಲಾವತಿ ಮಾತ್ರ ಸಂತೆ ಮುಗಿಯುವವರೆಗೂ ಕಂಬಕ್ಕೊರಗಿ ನಿಂತಿದ್ದಳು. ಹಣದ ಡಬ್ಬಿ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆಂದು ನೋಡಬೇಕಿತ್ತು. ಡಬ್ಬಿ ನೇರವಾಗಿ ಶಾಲಾ ಸಮಿತಿಯ ಅಧ್ಯಕ್ಷ ರಾಚಯ್ಯನ ಕೈಗೆ ಹೋಯಿತು. ಟೀಚರು ಅದನ್ನು ಮುಟ್ಟಲೂ ಇಲ್ಲ. ತಪ್ಪು ಸಿಕ್ಕದ ಕಡೆ ಅವಳ ಅನುಮಾನ ಇನ್ನಷ್ಟು ಬಲಿಯುತ್ತದೆ. ಇಷ್ಟು ಹುಷಾರಾಗಿ ನಡೆದುಕೊಳ್ಳಬೇಕಾದರೆ ಏನೋ ಇರಲೇಬೇಕು ಅಂದುಕೊಂಡಳು.

ಆ ಏನೋ ಬಸ್ಸಿನಲ್ಲಿ ಸಿಕ್ಕಿತು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಟೀಚರು ಉಡಿಗಾಲದ ಸ್ಟಾಪಿನಲ್ಲಿ ನೀಲಾವತಿಯ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೊರಟಳು. ಹತ್ತಿದವಳೇ ದುಡ್ಡು ಮುಂದೆ ಚಾಚಿದಳು.

“ಆಧಾರ್ ಇಲ್ವಾ ಮೇಡಂ? ನಿಮ್ಗೆ ಫ್ರೀ ಅಲ್ವಾ?”

“ಇದೆ. ಪರ್ವಾಗಿಲ್ಲ, ಟಿಕೆಟ್ಟೇ ಕೊಡಿ.”

ಕಾರ್ಡ್ ಇದೆಯಂತೆ, ತೋರಿಸುವುದಿಲ್ಲವಂತೆ! ಕೇರಳದ ಹೆಂಗಸರು ದುಡ್ಡು ಕೊಡುತ್ತಾರೆ, ಅದು ಬೇರೆ. ಇವಳು ನಮ್ಮ ಹಾಗೆ ಮಾತಾಡುತ್ತಾಳೆ, ನಮ್ಮ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾಳೆ. ಪುಕ್ಕಟೆ ಸಿಗುವುದನ್ನು ಕಾಸು ಕೊಟ್ಟು ಕೊಳ್ಳುವ ಹೆಂಗಸನ್ನು ನೀಲಾವತಿ ತನ್ನ ಇಡೀ ಸರ್ವಿಸಿನಲ್ಲಿ ಕಂಡಿರಲಿಲ್ಲ. ಮುಂದಿನ ಶನಿವಾರವೂ ಅದೇ, ಅದರ ಮುಂದಿನ ಶನಿವಾರವೂ ಅದೇ. ಡ್ರೈವರ್ ಗುರುಸ್ವಾಮಿಗೆ ಹೇಳಿದಳು.

“ಕಾರ್ಡಲ್ಲಿ ಬ್ಯಾರೆ ಯೆಸ್ರು ಇರ್ಬೇಕು ಕಣಣ್ಣ. ಇಲ್ದಿದ್ರೆ ಎಲ್ಲೋ ಏನೋ ಮಾಡ್ಬುಟ್ಟು ಬಂದವ್ಳೆ.”

“ಕೇಳ್ಬುಡು ಮತ್ತೆ. ಬಾಯಿಲ್ವಾ ನಿಂಗೆ?” ಎಂದ ಗುರುಸ್ವಾಮಿ, ಗೇರು ಬದಲಿಸುತ್ತ.

“ಚೆಕಿಂಗ್‌ನೋರು ಯೋಳ್ಬುಟ್ಟು ಬತ್ತಾರಾ?” ಎಂದಳು ಅವಳು.

ಕೇಳಿಬಿಟ್ಟಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅನುಮಾನದವರಿಗೆ ಉತ್ತರ ಬೇಕಿರುವುದಿಲ್ಲ, ಕೈಗೆ ಸಿಕ್ಕಿಬೀಳುವ ಕಳ್ಳ ಬೇಕು. ನೀಲಾವತಿ ಕಾದಳು.

ಶ್ರಾವಣ ಹತ್ತಿರವಾಗಿತ್ತು. ಅಂದಿನ ಶನಿವಾರ ಟೀಚರು ಹತ್ತಿದಾಗ ಕೈಯಲ್ಲಿ ಒಂದು ದೊಡ್ಡ ಚೀಲ. ತೆರಕಣಾಂಬಿ ದಾಟುವಾಗ ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು, ಚೀಲದ ಬಾಯಿ ತೆರೆದುಕೊಂಡಿತು. ಒಳಗಿನಿಂದ ಒಂದು ಸೀರೆಯ ಅಂಚು ಇಣುಕಿತು. ಅರಿಸಿನ ಬಣ್ಣದ ರೇಷ್ಮೆ, ಕಡುಹಸಿರು ಅಂಚು, ಅಂಚಿನ ಮೂಲೆಯಲ್ಲಿ ಇಲಿ ಕಡಿದು ಹೊಲಿದ ಗುರುತು. ನೀಲಾವತಿಯ ಕೈಯಲ್ಲಿದ್ದ ಟಿಕೆಟ್ ಯಂತ್ರ ಅಲ್ಲೇ ನಿಂತಿತು. ಆ ಹೊಲಿಗೆ ಹಾಕಿದವಳು ಅವಳೇ. ಅದು ಅವಳ ಅತ್ತೆ ಮಹಾಲಕ್ಷ್ಮಮ್ಮನ ಧಾರೆ ಸೀರೆ.

ಗುಂಡ್ಲುಪೇಟೆಯಲ್ಲಿ ಟೀಚರು ಇಳಿದಳು. ತರಕಾರಿ ಮಾರುಕಟ್ಟೆಯ ಬಾಗಿಲಲ್ಲಿ ರುಮಾಲು ಸುತ್ತಿದ ಮುದುಕನೊಬ್ಬ ಮೊಪೆಡ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಚೀಲವನ್ನು ಮುಂದಿಟ್ಟುಕೊಂಡು, ಟೀಚರನ್ನು ಹಿಂದೆ ಕೂರಿಸಿಕೊಂಡು, ಕೇರಳದ ರಸ್ತೆ ಹಿಡಿದು ಹೊರಟೇಹೋದ. ನೀಲಾವತಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಮೊಪೆಡ್ಡಿನ ಹೊಗೆ ಕರಗುವವರೆಗೂ ನೋಡಿದಳು. ಹಳೇ ರೇಷ್ಮೆ ಸೀರೆಯ ಜರಿಗೆ ಒಳ್ಳೆಯ ಬೆಲೆ ಇದೆಯೆಂದು ಯಾರೋ ಹೇಳಿದ್ದು ನೆನಪಾಯಿತು. ಎಲ್ಲವೂ ಹೊಂದಿಕೊಂಡು ಕುಳಿತಿತು. ಮಕ್ಕಳನ್ನು ಪುಸಲಾಯಿಸಿ ಮನೆಯ ಸೀರೆ ತರಿಸಿಕೊಳ್ಳುವುದು, ಗಡಿಯಾಚೆ ಮಾರುವುದು, ಹೆಸರು ಹೊರಬೀಳದಂತೆ ಕಾರ್ಡ್ ಮುಚ್ಚಿಡುವುದು. ನಿಜ ಹೇಳಬೇಕೆಂದರೆ ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಸಂತೋಷವಾಗಿತ್ತು. ಇಷ್ಟು ದಿನ ಕಾದದ್ದು ದಂಡವಾಗಲಿಲ್ಲ.

ಮನೆಗೆ ಬಂದು ಪೆಟ್ಟಿಗೆ ತೆಗೆದು ನೋಡಿದಳು. ಸೀರೆ ಇರಲಿಲ್ಲ. ಅತ್ತೆ ಪಡಸಾಲೆಯಲ್ಲೇ ಕಡಲೆಕಾಯಿ ಸುಲಿಯುತ್ತಾ ಕುಳಿತಿದ್ದರು, ಮಗಳು ಎದುರಿಗೇ ಬರೆಯುತ್ತಿದ್ದಳು. ಇಬ್ಬರಲ್ಲಿ ಒಬ್ಬರನ್ನೂ ಕೇಳಲಿಲ್ಲ. ಕೇಳಿದರೆ ಸುದ್ದಿ ಟೀಚರಿಗೆ ಮುಟ್ಟುತ್ತದೆ, ಮಾಲು ಮಾಯವಾಗುತ್ತದೆ. ಬಾಯಿ ಹೊಲಿದುಕೊಂಡು ಶುಕ್ರವಾರದ ಸಭೆಗೆ ಕಾದಳು.

ಶುಕ್ರವಾರ ಶಾಲೆಯಲ್ಲಿ ಪ್ರವಾಸದ ಬಗ್ಗೆ ಪೋಷಕರ ಸಭೆ. ಅವಳಿಗೂ ಅವತ್ತು ರಜೆ. ರಾಚಯ್ಯ ಗಂಟಲು ಸರಿಮಾಡಿಕೊಂಡು, ಟೀಚರಮ್ಮ ಈ ಭಾನುವಾರ ಇನ್ನೊಂದು ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ, ಅದೇನೆಂದರೆ, ಅನ್ನುವಷ್ಟರಲ್ಲಿ ನೀಲಾವತಿ ಎದ್ದು ನಿಂತಳು.

“ಅದ್ ಆಮೇಲ್ ಯೋಳಣ್ಣ. ಮೊದ್ಲು ನಾನ್ ಕೇಳ್ದಂಗೆ ಇವಮ್ಮ ಉತ್ರ ಕೊಡ್ಲಿ. ಹೆಂಗುಸ್ರಿಗೆಲ್ಲ ಫ್ರೀ ಇರೋ ಬಸ್ಸಲ್ಲಿ ಇವ್ರ್ ಯಾಕೆ ದುಡ್ ಕೊಟ್ಟು ಓಯ್ತಾರೆ? ಕಾರ್ಡ್ ಅದೆ ಅಂತಾರೆ, ತೋರ್ಸಾಕಿಲ್ಲ ಅಂತಾರೆ. ಯಾಕೆ? ನಮ್ಮತ್ತೆ ಧಾರೆ ಸೀರೆ ಇವ್ರ್ ಚೀಲ್ದಲ್ಲಿ ಗುಂಡ್ಲುಪೇಟೆಗೆ ಯಾಕ್ ಓಯ್ತು?”

ಶಿವರಂಜಿನಿಯ ಮುಖ ಕೆಂಪಾಗಿ, ಆಮೇಲೆ ಬಿಳುಚಿಕೊಂಡಿತು. ಅವಳು ಕೈಚೀಲ ತೆರೆದು ಕಾರ್ಡ್ ತೆಗೆದು ಮೇಜಿನ ಮೇಲಿಟ್ಟಳು. ನೀಲಾವತಿ ಎತ್ತಿಕೊಂಡು ನೋಡಿದಳು. ಫೋಟೊ ಇವಳದೇ. ಹೆಸರು ಶಿವರಂಜಿನಿಯೇ. ವಿಳಾಸ ತಾಳವಾಡಿ, ತಮಿಳುನಾಡು.

“ನಮ್ಮೂರಲ್ಲಿ ಎಲ್ರೂ ಕನ್ನಡಾನೇ ಮಾತಾಡೋದು” ಎಂದಳು ಶಿವರಂಜಿನಿ. “ಊರು ಮಾತ್ರ ಗಡಿ ಆ ಕಡೆ. ನಂಗೆ ಫ್ರೀ ಇಲ್ಲ, ಅದಕ್ಕೇ ದುಡ್ಡು ಕೊಡ್ತೀನಿ. ಕಾರ್ಡ್ ತೋರಿಸಿದ್ರೆ ತಮಿಳುನಾಡಿನೋರಾ, ಇಲ್ಲಿಗ್ಯಾಕೆ ಬಂದ್ರಿ, ನಮ್ಮೋರಿಗೆ ಸಿಗೋ ಕೆಲಸ ನಿಮಗೆ ಹೆಂಗೆ ಸಿಕ್ತು, ಅಂತ ಬಸ್ಸಲ್ಲೆಲ್ಲ ಕೇಳ್ತಾರೆ. ಒಂದ್ಸಲ ಕೇಳಿಸ್ಕೊಂಡಿದ್ದೀನಿ. ನೀವು ಒಬ್ಬರೇ ಇದ್ದಾಗ ಕೇಳಿದ್ರೆ ಹೇಳ್ತಿದ್ದೆ ಮೇಡಂ.”

ತಾಳವಾಡಿ! ಉಡಿಗಾಲದ ಅರ್ಧ ಊರಿಗೆ ಅಲ್ಲಿ ನೆಂಟರಿದ್ದಾರೆ. ನೀಲಾವತಿಯ ಸ್ವಂತ ಚಿಕ್ಕಮ್ಮನನ್ನು ಕೊಟ್ಟಿರುವುದು ಅಲ್ಲಿಗೇ. ಅದು ಬೇರೆ ರಾಜ್ಯವೆಂಬುದು ಮದುವೆಗೆ, ತಿಥಿಗೆ ಹೋಗುವಾಗ ಯಾರಿಗೂ ನೆನಪಿರುವುದಿಲ್ಲ. ಇವಳಿಗೂ ನೆನಪಾಗಿರಲಿಲ್ಲ.

“ಸೀರೆ?” ಎಂದಳು ನೀಲಾವತಿ. ದನಿ ಅರ್ಧಕ್ಕಿಳಿದಿತ್ತು.

ಉತ್ತರ ಬಂದದ್ದು ಬಾಗಿಲ ಕಡೆಯಿಂದ. ಚಾಮುಂಡಿ ಅಲ್ಲಿ ನಿಂತಿದ್ದಳು. “ಅಜ್ಜಿ ಕೊಟ್ಟದ್ದು ಕಣವ್ವ. ನಿಂಗ್ ಯೋಳುದ್ರೆ ಬ್ಯಾಡ ಅಂತೀಯ ಅಂತ ಯೋಳ್ನಿಲ್ಲ.”

ಆಮೇಲೆ ರಾಚಯ್ಯ, ತಾನು ಮೊದಲೇ ಹೇಳಹೊರಟಿದ್ದನ್ನು ಹೇಳಿದ. ಗುಂಡ್ಲುಪೇಟೆ ದಾಟಿದರೆ ಹೆದ್ದಾರಿಯ ಪಕ್ಕದಲ್ಲೇ ಚಿಕ್ಕಬೀರಯ್ಯನ ಸೂರ್ಯಕಾಂತಿ ಹೊಲ. ಮೊಪೆಡ್ಡಿನಲ್ಲಿ ಬಂದಿದ್ದ ಮುದುಕ ಅವನೇ. ಹೂ ಬಿಟ್ಟ ಕಾಲದಲ್ಲಿ ಕೇರಳದವರು ಕಾರು ನಿಲ್ಲಿಸಿ, ಕಾಸು ಕೊಟ್ಟು, ಹೊಲದೊಳಗೆ ಫೋಟೊ ತೆಗೆಸಿಕೊಳ್ಳುತ್ತಾರೆ. ಈ ಭಾನುವಾರದ ಫೋಟೊ ಕಾಸನ್ನೆಲ್ಲ ಚಿಕ್ಕಬೀರಯ್ಯ ಮಕ್ಕಳ ಪ್ರವಾಸಕ್ಕೆ ಬಿಟ್ಟುಕೊಟ್ಟಿದ್ದಾನೆ. ಅವನನ್ನು ಒಪ್ಪಿಸಲೆಂದೇ ಟೀಚರು ಶನಿವಾರ ಶನಿವಾರ ಹೋಗುತ್ತಿದ್ದದ್ದು. ಬಂದವರು ಹಳೇ ಕಾಲದ ಸೀರೆ ಉಟ್ಟು, ಪೇಟ ಸುತ್ತಿ ನಿಂತರೆ ಇನ್ನಷ್ಟು ಕಾಸು ಹುಟ್ಟುತ್ತದೆಂದು ಮಕ್ಕಳು ಮನೆಮನೆಯಿಂದ ಸೀರೆ, ಪೇಟ ತಂದುಕೊಟ್ಟಿದ್ದರು.

ನೀಲಾವತಿಗೆ ನಾಚಿಕೆಯಾಯಿತು. ನೆಲ ಬಾಯಿಬಿಟ್ಟರೆ ಇಳಿದುಹೋಗುವಷ್ಟು ನಾಚಿಕೆ. ‘ತಪ್ಪಾಯ್ತು’ ಎಂದು ಒಂದು ಮಾತು ಅಂದಿದ್ದರೆ ಆಗುತ್ತಿತ್ತು. ಆದರೆ ಅವಳ ಬಾಯಿಗೆ ಬಂದದ್ದು, “ಮುಂಚೇನೇ ಯೋಳ್ಬೋದಿತ್ತಲ್ಲ” ಎಂಬುದು.

ಅಷ್ಟರಲ್ಲಿ ಇನ್ನೊಂದು ಅನಾಹುತ ಶುರುವಾಗಿತ್ತು. ಅನುಮಾನಪಡುವುದು ಇದುವರೆಗೆ ಊರಿನಲ್ಲಿ ಅವಳೊಬ್ಬಳ ಕೆಲಸವಾಗಿತ್ತು. ಈಗ ಎಲ್ಲರೂ ಅದನ್ನು ಹಂಚಿಕೊಂಡರು. “ಕೇರಳದೋರು ನಮ್ ಸೀರೆ ಉಟ್ಕಂಡು ಆ ಫೋಟೊವ ಎಲ್ಲೆಲ್ಲಿ ಆಕ್ತಾರೋ ಯಾರ್ ಕಂಡೋರು” ಎಂದು ಹಿಂದಿನಿಂದ ಯಾರೋ ಅಂದರು. “ನಂದು ವಾಪಸ್ ಕೊಟ್ಬುಡಿ” ಎಂದಳು ಮಂಗಮ್ಮ. “ಚಿಕ್ಕಬೀರಯ್ಯ ಸುಮ್ಸುಮ್ಕೆ ಹೊಲ ಕೊಡ್ತಾನಾ? ಅವ್ನಿಗೇನ್ ಗಿಟ್ಟದು?” ಎಂದ ಮತ್ತೊಬ್ಬ. ತನ್ನ ಮಾತು ಬೇರೆಯವರ ಬಾಯಲ್ಲಿ ಎಷ್ಟು ಅಸಹ್ಯವಾಗಿ ಕೇಳಿಸುತ್ತದೆಂದು ನೀಲಾವತಿಗೆ ಮೊದಲ ಬಾರಿಗೆ ತಿಳಿಯಿತು.

“ಭಾನುವಾರ ಬಿಟ್ರೆ ಆಗಲ್ಲ” ಎಂದಳು ಶಿವರಂಜಿನಿ. “ಆಮೇಲೆ ಕಾಳು ಕಟ್ಟಿ ಹೂವೆಲ್ಲ ತಲೆ ಬಗ್ಗಿಸ್ತವೆ. ಆಗ ಯಾರೂ ಕಾರು ನಿಲ್ಲಿಸಲ್ಲ. ಸೀರೆ ಬೇಕಾದೋರು ತಗೊಳ್ಳಿ. ಮಕ್ಕಳನ್ನ ಕಳಿಸೋರು ಕಳಿಸಿ.”

ಮನೆಗೆ ಹೋಗುವ ದಾರಿಯಲ್ಲಿ ಚಾಮುಂಡಿ ತಾಯಿಯಿಂದ ನಾಲ್ಕು ಮಾರು ಹಿಂದೆಯೇ ನಡೆದಳು. ಹೊಸಿಲಲ್ಲಿ ನಿಂತು ಹೇಳಿದಳು: “ನಾನ್ ಸಮುದ್ರಕ್ ಓಗಾಕಿಲ್ಲ. ಮಿಸ್ ಮಕ ಎಂಗ್ ನೋಡ್ಲಿ ನಾನು?”

ಹೋಗಲೇಬೇಕು ಕಣಮ್ಮಿ ಎಂದು ತಾಯಿ ಗದರಿದಳು, ಮುದ್ದು ಮಾಡಿದಳು, ಕೊನೆಗೆ ಹೊಸ ಚಪ್ಪಲಿ ಕೊಡಿಸುತ್ತೇನೆಂದಳು. ಮಗಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಸಮುದ್ರದ ಉಪ್ಪಿನ ಸುದ್ದಿಯನ್ನೇ ಅವಳು ಬಿಟ್ಟುಬಿಟ್ಟಿದ್ದಳು.

ಮಾರನೆಯ ದಿನ ಶನಿವಾರ. ಉಡಿಗಾಲದಲ್ಲಿ ಟೀಚರು ಬಸ್ಸು ಹತ್ತಿದಳು. ಇಂದು ಹೇಳಿಬಿಡಬೇಕೆಂದು ನೀಲಾವತಿ ಬೆಳಗಿನಿಂದ ಮಾತು ಜೋಡಿಸಿಕೊಂಡಿದ್ದಳು. ಹತ್ತಿರ ಹೋದಳು. ಶಿವರಂಜಿನಿ ಯಾರೂ ಕೇಳದೆಯೇ ಒಂದು ಕೈಯಲ್ಲಿ ದುಡ್ಡು, ಇನ್ನೊಂದು ಕೈಯಲ್ಲಿ ಕಾರ್ಡ್ ಹಿಡಿದು, ಎಲ್ಲರಿಗೂ ಕಾಣುವಂತೆ ಮೇಲೆತ್ತಿದಳು.

“ಕಾರ್ಡ್ ಯಾಕ್ ಮೇಡಂ, ಬ್ಯಾಡ” ಎಂದಳು ನೀಲಾವತಿ.

“ಇರ್ಲಿ. ನೋಡ್ಕೊಂಡ್ಬಿಡಿ.”

ಟಿಕೆಟ್ಟು ಕೊಟ್ಟು ಹಿಂದಕ್ಕೆ ಬಂದಳು. ಗುರುಸ್ವಾಮಿ ಕನ್ನಡಿಯಲ್ಲಿ ಎಲ್ಲವನ್ನೂ ನೋಡುತ್ತಿದ್ದ.

ಭಾನುವಾರ ಡ್ಯೂಟಿ ಬದಲಿಸಿಕೊಂಡಳು. ಬೆಳಿಗ್ಗೆ ಸ್ನಾನ ಮಾಡಿ ಬಂದವಳು ಅತ್ತೆಯ ಮುಂದೆ ನಿಂತು ಕೈಚಾಚಿದಳು. ಹಿಂದಿನ ದಿನ ಟೀಚರು ಹೊಲದಿಂದ ವಾಪಸ್ ತಂದ ಸೀರೆಗಳಲ್ಲಿ ಧಾರೆ ಸೀರೆಯನ್ನು ರಾಚಯ್ಯ ಸಂಜೆಯೇ ಮನೆಗೆ ಕಳಿಸಿದ್ದ. ಮಹಾಲಕ್ಷ್ಮಮ್ಮ ಸೊಸೆಯನ್ನು ಮೇಲಿಂದ ಕೆಳಕ್ಕೆ ನೋಡಿ, ಸೀರೆ ಕೊಟ್ಟು, ನೆರಿಗೆಯನ್ನೂ ತಾವೇ ಹಿಡಿದುಕೊಟ್ಟರು. ನೀಲಾವತಿ ಚಾಮುಂಡಿಯ ರೆಟ್ಟೆ ಹಿಡಿದು ಬಸ್ಸು ಹತ್ತಿಸಿದಳು. ಗುಂಡ್ಲುಪೇಟೆಯಲ್ಲಿ ಇಳಿದು, ಹೊಲಕ್ಕೆ ಆಟೋ.

ಚಿಕ್ಕಬೀರಯ್ಯನ ಹೊಲದಲ್ಲಿ ಹೂವು ಇನ್ನೂ ತಲೆ ಎತ್ತಿಯೇ ನಿಂತಿತ್ತು. ಮಕ್ಕಳು ಮಾತ್ರ ಬೆರಳೆಣಿಕೆಯಷ್ಟು. ಹಗ್ಗದ ಮೇಲೆ ನೇತುಹಾಕಿದ್ದ ಸೀರೆಗಳೂ ಎರಡೋ ಮೂರೋ. ಕಾರುಗಳು ನಿಧಾನಿಸುತ್ತಿದ್ದವು, ಒಳಗಿನವರು ಇಣುಕುತ್ತಿದ್ದರು, ಮುಂದೆ ಹೋಗುತ್ತಿದ್ದರು. ಶಿವರಂಜಿನಿ ಹೊಲದ ಆ ತುದಿಯಲ್ಲಿ ಒಂದು ಸಂಸಾರಕ್ಕೆ ಪೇಟ ಸುತ್ತುತ್ತಿದ್ದಳು.

ನೀಲಾವತಿ ಧಾರೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ರಸ್ತೆಯ ಅಂಚಿಗೆ ಹೋಗಿ ನಿಂತಳು. ಕೈ ಅಡ್ಡ ಹಾಕಿ, ಬಸ್ ಸ್ಟಾಂಡಿನಲ್ಲಿ ಕೂಗುವ ಗಂಟಲಿನಲ್ಲೇ, ಕನ್ನಡದಲ್ಲೂ ಬಸ್ಸಿನಲ್ಲಿ ಕಲಿತ ಮಲಯಾಳದಲ್ಲೂ ಕರೆದಳು. “ಬನ್ನಿ ಬನ್ನಿ, ಫೋಟೋ ಫೋಟೋ! ವರೂ ವರೂ!” ಒಂದು ಕಾರು ಹೆದರಿ ನಿಂತಿತು. ಅದರ ಹಿಂದಿನದೂ ನಿಂತಿತು. ಕೆಳಗಿಳಿದ ಮಲಯಾಳಿ ಹೆಂಗಸೊಬ್ಬಳು ಇವಳ ಸೀರೆ ಮುಟ್ಟಿ ನೋಡಿ, ಇವಳನ್ನೇ ಪಕ್ಕಕ್ಕೆಳೆದುಕೊಂಡು ಫೋಟೊ ತೆಗೆಸಿಕೊಂಡಳು. ಆಮೇಲೆ ಅವಳ ಅತ್ತೆ, ಆಮೇಲೆ ಅವಳ ನಾದಿನಿ. ನೀಲಾವತಿ ಬಿಸಿಲಲ್ಲಿ ಬೆವರುತ್ತ, ಯಾರ್ಯಾರದೋ ಹೆಗಲ ಮೇಲೆ ಕೈಹಾಕಿ ಹಲ್ಲು ಕಿರಿದು ನಿಂತಳು. ಆ ಫೋಟೊ ಎಲ್ಲಿಗೆ ಹೋಗುತ್ತದೆಂದು ಯೋಚಿಸಲೂ ಪುರಸೊತ್ತಿರಲಿಲ್ಲ.

ಗದ್ದಲ ಸ್ವಲ್ಪ ತಗ್ಗಿದಾಗ ತಿರುಗಿ ನೋಡಿದರೆ ಚಾಮುಂಡಿ ಬದುವಿನ ಮೇಲೆ ನಿಂತಿದ್ದಳು. ಬಹಳ ಹೊತ್ತಿನಿಂದ ನೋಡುತ್ತಿದ್ದಂತಿತ್ತು.

“ಇದ್ರಲ್ಲಿ ನಿಂಗೇನ್ ಗಿಟ್ಟದವ್ವ?” ಎಂದು ಕೇಳಿದಳು.

ಹುಡುಗಿ ತಮಾಷೆಗೆ ಕೇಳಿರಲಿಲ್ಲ. ಹುಬ್ಬು ಗಂಟಿಕ್ಕಿತ್ತು, ತುಟಿ ಒಂದು ಪಕ್ಕಕ್ಕೆ ಎಳೆದಿತ್ತು. ಆ ನೋಟ ಯಾರದೆಂದು ನೀಲಾವತಿಗೆ ಕನ್ನಡಿ ತೋರಿಸಿ ಹೇಳಬೇಕಿರಲಿಲ್ಲ. ಬಸ್ಸಿನಲ್ಲಿ ಜನ ಯಾಕೆ ಬೆವರುತ್ತಾರೆಂದು ಅವಳಿಗೆ ಈಗ ಗೊತ್ತಾಯಿತು.

“ಏನೂ ಗಿಟ್ಟಾಕಿಲ್ಲ ಕಣಮ್ಮಿ” ಎಂದಳು. “ನೀನು ಸಮುದ್ರದ್ ನೀರ ನೆಕ್ಕಿ ಬಂದು ಉಪ್ಪೋ ಸಪ್ಪೆಯೋ ನಂಗ್ ಯೋಳ್ಬೇಕು. ಅಷ್ಟೇಯ.”

ಚಾಮುಂಡಿ ತಾಯಿಯ ಮುಖವನ್ನು ಒಮ್ಮೆ ನೋಡಿದಳು, ಸೀರೆಯನ್ನು ಒಮ್ಮೆ ನೋಡಿದಳು, ಮತ್ತೆ ಮುಖ.

“ಅಂಗಾದ್ರೆ ಮಿಸ್‌ಗೆ ತಪ್ಪಾಯ್ತು ಅಂತ ಯೋಳೋಗು. ನಾನ್ ಇಲ್ಲಿಂದ್ಲೇ ನೋಡ್ತಿನಿ. ಆಮೇಲ್ ಓಯ್ತಿನಿ ಸಮುದ್ರಕ್ಕೆ.”

ನೀಲಾವತಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೂವಿನ ಸಾಲಿನೊಳಕ್ಕೆ ಇಳಿದಳು. ಎದೆಯೆತ್ತರದ ಗಿಡಗಳನ್ನು ಎರಡೂ ಕೈಯಿಂದ ಸರಿಸಿಕೊಂಡು ಆ ತುದಿಯ ಕಡೆ ನಡೆದಳು. ಈ ಸಲ ಮಾತು ಜೋಡಿಸಿಕೊಂಡಿರಲಿಲ್ಲ, ಬೇಕಾಗಿದ್ದದ್ದು ಒಂದೇ ಮಾತು. ಎಲೆಗಳ ಸದ್ದಿಗೆ ಶಿವರಂಜಿನಿ ತಿರುಗಿದಳು. ಬರುತ್ತಿರುವವಳು ಯಾರೆಂದು ಕಂಡಿತು. ಕೈಯಲ್ಲಿದ್ದ ಪೇಟವನ್ನು ಪಕ್ಕಕ್ಕಿಟ್ಟು, ಹೆಗಲಿನ ಚೀಲ ತೆರೆದು ಕಾರ್ಡ್ ಹುಡುಕತೊಡಗಿದಳು.